ಬಿಳಿ ದಾರದ ಗೌರಿ ಹೂಗಳು

೨೦೧೮ರ ಮಳೆಗಾಲ. ಆಗ ನಾನು ಹೊನ್ನಾವರದ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಪ್ರಯೋಗಾಲಯ ಸಹಾಯಕನಾಗಿದ್ದೆ. ಸೇರಿ ಮೂವತ್ತು ವರ್ಷ ಆಗಿತ್ತು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಗಾಜಿನ ಸಾಮಾನು ತೊಳೆಯುವುದು, ಮಳೆಗಾಲದಲ್ಲಿ ಸೂಕ್ಷ್ಮದರ್ಶಕಗಳಿಗೆ ಬೂಷ್ಟು ಹಿಡಿಯದಂತೆ ಕಪಾಟಿನಲ್ಲಿ ಬಲ್ಬು ಉರಿಸಿಡುವುದು, ಕಾಲೇಜಿನ ಹಿಂದಿದ್ದ ಔಷಧಿ ಸಸ್ಯಗಳ ತೋಟ ನೋಡಿಕೊಳ್ಳುವುದು ನನ್ನ ಕೆಲಸ. ಆ ವರ್ಷ ನಾನೊಂದು ತಪ್ಪು ಮಾಡಿದೆ. ಅದರಿಂದಾಗಿ ಸುಮಾರು ಎರಡು ತಿಂಗಳ ಕಾಲ, ನಮ್ಮ ತೋಟದ ಒಂದು ಹೂವು ಪರಾಗದ ಹಂಗಿಲ್ಲದೆ ಬಸುರಾಗುತ್ತದೆ ಎಂದು ವಿಭಾಗದವರೆಲ್ಲ ನಂಬಿದ್ದರು. ನಂಬದೆ ಇದ್ದವನು ನಾನೊಬ್ಬನೇ.

ಹೂವಿನ ಹೆಸರು ಗೌರಿ ಹೂ. ಪುಸ್ತಕದಲ್ಲಿ ಅಗ್ನಿಶಿಖೆ ಎಂದಿರುತ್ತದೆ. ಬೇಲಿಯ ಮೇಲೆ ಹಬ್ಬುವ ಬಳ್ಳಿ. ಹೂವು ತಲೆಕೆಳಗಾಗಿ ತೂಗುತ್ತದೆ, ದಳಗಳು ಮಾತ್ರ ಬೆಂಕಿಯ ನಾಲಗೆಯ ಹಾಗೆ ಮೇಲಕ್ಕೆ ಏಳುತ್ತವೆ. ಅರಳಿದಾಗ ಹಳದಿ, ದಿನ ಕಳೆದಂತೆ ಕೆಂಪು. ಗಿಡವೆಲ್ಲ ವಿಷ, ಗಡ್ಡೆಯಂತೂ ಜೀವ ತೆಗೆಯುವಂಥದ್ದು. ಆ ವಿಷವೇ ಔಷಧಿ ಕೂಡ. ಕಾಲ್ಚಿಸಿನ್ ಎಂಬ ಅದರ ಸತ್ವವನ್ನು ಗೌಟ್ ಎಂಬ ಸಂಧಿನೋವಿಗೆ ಕೊಡುತ್ತಾರೆ. ಪ್ರಯೋಗಾಲಯದಲ್ಲಿ ಜೀವಕೋಶ ವಿಭಜನೆಯಾಗುವುದನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸಲು ಬಳಸುವುದೂ ಅದನ್ನೇ. ಅದರ ಪುಟ್ಟ ಬಾಟಲಿಯೊಂದನ್ನು ನಮ್ಮ ಮುಖ್ಯಸ್ಥರು ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಅದೇ ಸತ್ವ ತುಂಬಿದ ಗಿಡ ಹಿಂದಿನ ಬೇಲಿಯಲ್ಲಿ ದನವೂ ಮೂಸದೆ ಬಿದ್ದಿರುತ್ತಿತ್ತು.

ಆ ಗಿಡದ ಮೇಲೆ ಪಿಎಚ್.ಡಿ. ಮಾಡುತ್ತಿದ್ದವರು ವಿನುತಾ. ಭಟ್ಕಳದವರು, ತಂದೆಗೆ ಅಲ್ಲಿ ಹೊಲಿಗೆ ಅಂಗಡಿ. ಕುಮಟಾದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರಕ್ಕೆ ಕಾಯಂ ಹುದ್ದೆಯೊಂದು ಮುಂದಿನ ಬೇಸಿಗೆಯಲ್ಲಿ ತೆರವಾಗುವುದಿತ್ತು. ಮಾರ್ಚ್ ಒಳಗೆ ಪ್ರಬಂಧ ಸಲ್ಲಿಸಿದ್ದರೆ ಅವರು ಅದಕ್ಕೆ ಅರ್ಜಿ ಹಾಕಬಹುದಿತ್ತು. ಮನೆಯಿಂದ ದಿನಾ ರೈಲಿನಲ್ಲಿ ಹೋಗಿಬರುವ ದೂರ. ಅಂಥ ಹುದ್ದೆ ನಮ್ಮ ಕಡೆ ಸುಮ್ಮನೆ ಹುಟ್ಟುವುದಿಲ್ಲ. ಮೂರು ವರ್ಷದ ಕೆಲಸ ಮುಗಿಯುತ್ತ ಬಂದಿತ್ತು, ಒಂದೇ ಒಂದು ಹೂವಿನ ಕಾಲ ಬಾಕಿ ಇತ್ತು.

ಅವರು ಹುಡುಕುತ್ತಿದ್ದ ಉತ್ತರ ಇಷ್ಟು. ಗೌರಿ ಹೂವಿನ ಬೀಜಕ್ಕೆ ಔಷಧಿಯವರಿಂದ ಬೇಡಿಕೆ ಇದೆ, ಆದರೆ ನಮ್ಮ ಕರಾವಳಿಯ ಬಳ್ಳಿಗಳಲ್ಲಿ ಹೂ ರಾಶಿ, ಕಾಯಿ ಕಡಿಮೆ. ಯಾಕೆ? ತಪ್ಪು ಹೂವಿನ ಒಳಗಿದೆಯೋ, ಹೊರಗಿದೆಯೋ?

ಒಳಗೆ ನೋಡುವುದೆಂದರೆ ವರ್ಣತಂತುಗಳನ್ನು ನೋಡುವುದು. ಕ್ರೋಮೋಸೋಮ್ ಎನ್ನುತ್ತಾರಲ್ಲ, ಅವೇ. ಗೌರಿ ಹೂವಿನ ಜೀವಕೋಶದಲ್ಲಿ ಅವು ಇಪ್ಪತ್ತೆರಡು. ಪರಾಗ ಹುಟ್ಟುವ ಮೊದಲು ಎರಡೆರಡು ಜೋಡಿಯಾಗಿ ಸಾಲು ನಿಂತು, ಆಮೇಲೆ ಹನ್ನೊಂದು ಆ ಕಡೆ, ಹನ್ನೊಂದು ಈ ಕಡೆ ಸರಿಯಬೇಕು. ಇದಕ್ಕೆ ಮಿಯಾಸಿಸ್ ಎಂದು ಹೆಸರು. ಜೋಡಿ ತಪ್ಪಿದರೆ ಪರಾಗ ಜೊಳ್ಳಾಗುತ್ತದೆ, ಜೊಳ್ಳು ಪರಾಗದಿಂದ ಬೀಜ ಆಗುವುದಿಲ್ಲ. ಬೆಳಿಗ್ಗೆ ಎಳೆ ಮೊಗ್ಗು ಕೊಯ್ದು ಆಲ್ಕೋಹಾಲ್ ಮತ್ತು ಅಸಿಟಿಕ್ ಆಸಿಡ್ ಮಿಶ್ರಣದಲ್ಲಿ ಹಾಕಿ, ಅದರ ಕೇಸರವನ್ನು ಗಾಜಿನ ಸ್ಲೈಡಿನ ಮೇಲೆ ಅರೆದು, ಕೆಂಪು ಬಣ್ಣ ಬಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿ ಹೆಬ್ಬೆರಳಿನಿಂದ ಒತ್ತಬೇಕು. ಒತ್ತುವಾಗ ಗಾಜು ಜರುಗಿದರೆ ಎಲ್ಲ ಕಲಸಿಹೋಗುತ್ತದೆ. ನಾನು ಒಂದು ವಾರ ಒತ್ತಿದೆ. ಆಮೇಲೆ ವಿನುತಾ ಬಹಳ ಮರ್ಯಾದೆಯಿಂದ, ‘ಮಂಜಣ್ಣ, ತೋಟದಲ್ಲಿ ಕಳೆ ಬೆಳೆದಿರ್ಬೇಕು ನೋಡಿ’ ಎಂದು ಕಳಿಸಿದರು.

ಒಳ್ಳೆಯ ಸ್ಲೈಡ್ ಸಿಕ್ಕ ದಿನ ಅವರೇ ಕರೆದು ತೋರಿಸಿದರು.

‘ಕಾಣ್ತದಾ?’

‘ಇರುವೆ ಸತ್ತುಬಿದ್ದ ಹಾಂಗೆ ಕಾಣ್ತದೆ.’

‘ಸರಿಯಾಗಿ ನೋಡಿ ಮಂಜಣ್ಣ.’

‘ಎರಡೆರಡು ಎದುರುಬದುರು ಕೂತಾವೆ. ಮದುವೆ ಪಂಕ್ತಿಯಲ್ಲಿ ಕೂತಾಂಗೆ.’

‘ಹಾಂ. ಹನ್ನೊಂದು ಜೋಡಿ. ಒಬ್ಬರೂ ಊಟ ಬಿಟ್ಟು ಎದ್ದು ಹೋಗ್ಲಿಲ್ಲ’ ಎಂದು ನಕ್ಕರು. ಅವರು ಹಾಗೆ ನಗುವುದು ಅಪರೂಪ. ಆ ಸ್ಲೈಡುಗಳನ್ನು ಕೆಡದಂತೆ ಅಂಟು ಹಾಕಿ, ಒಂದು ಟ್ರೇಯಲ್ಲಿ ಸಾಲಾಗಿ ಇಟ್ಟಿದ್ದರು.

ಒಳಗೆ ತಪ್ಪಿಲ್ಲ ಎಂದಾದ ಮೇಲೆ ಹೊರಗೆ ನೋಡಬೇಕಿತ್ತು. ಗೌರಿ ಹೂವಿನ ಹೆಣ್ಣು ಭಾಗ ಬುಡದಲ್ಲೇ ಸೊಂಟ ಮುರಿದ ಹಾಗೆ ಬಾಗಿ, ಪರಾಗದಿಂದ ದೂರ ಅಡ್ಡಕ್ಕೆ ಚಾಚಿರುತ್ತದೆ. ಚಿಟ್ಟೆಯೋ ಸೂರಕ್ಕಿಯೋ ಬಂದು ಪರಾಗ ತಾಗಿಸದೆ ಕಾಯಿ ಕಟ್ಟುವುದಿಲ್ಲ ಎಂಬುದು ವಿನುತಾ ಅವರ ಅಂದಾಜು. ಅದನ್ನು ಸಾಬೀತು ಮಾಡಲು ತೋಟದ ಹೂಗಳನ್ನು ಮೂರು ಗುಂಪು ಮಾಡಿದರು. ಕೆಂಪು ದಾರದವು ತೆರೆದೇ ಇದ್ದವು, ಯಾರು ಬೇಕಾದರೂ ಬರಲಿ ಎಂದು. ನೀಲಿ ದಾರದವಕ್ಕೆ ಮೊಗ್ಗಿದ್ದಾಗಲೇ ಬಟ್ಟೆಯ ಚೀಲ ಕಟ್ಟಿ, ಅರಳಿದ ಮೇಲೆ ಚೀಲ ಸರಿಸಿ ಕುಂಚದಿಂದ ಕೈಯಾರೆ ಪರಾಗ ಹಚ್ಚಿ ಮತ್ತೆ ಕಟ್ಟುವುದು. ಬಿಳಿ ದಾರದವಕ್ಕೆ ಚೀಲ ಮಾತ್ರ, ಬೇರೆ ಏನೂ ಇಲ್ಲ. ಚೀಲಗಳನ್ನು ಅವರ ತಂದೆಯೇ ರವಿಕೆಯ ಲೈನಿಂಗ್ ಬಟ್ಟೆಯಲ್ಲಿ ಹೊಲಿದು ಕಳಿಸಿದ್ದರು. ಅಭ್ಯಾಸಬಲದಿಂದ ಒಂದೆರಡಕ್ಕೆ ಹುಕ್ಕನ್ನೂ ಹಚ್ಚಿದ್ದರು.

ಚೌತಿ ಹಬ್ಬಕ್ಕೆ ವಿನುತಾ ಊರಿಗೆ ಹೊರಟರು. ಹೋಗುವಾಗ ತೋಟಕ್ಕೆ ಬಂದು ಹೇಳಿದರು: ‘ಕೆಂಪಿನದರ ಬುಡದಲ್ಲಿ ನೀರು ನಿಂತ್ರೆ ಬಿಡಿಸಿ. ನೀಲಿದಕ್ಕೆ ನಾನೇ ಪರಾಗ ಹಚ್ಚಿ ಆಗಿದೆ. ಬಿಳಿದಕ್ಕೆ ಏನೂ ಮಾಡ್ಬೇಡಿ.’

‘ಆತು’ ಎಂದೆ.

ಈಗ ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಬೇಕು. ಚೌತಿಗೆ ಗಣಪತಿಯ ಮೇಲೆ ಮಂಟಪಕ್ಕೆ ಮರದ ಚೌಕಟ್ಟು ತೂಗಿಸಿ, ಅದಕ್ಕೆ ಆ ಕಾಲದ ಕಾಯಿ, ಹಣ್ಣು, ಹೂಗಳನ್ನೆಲ್ಲ ಕಟ್ಟುತ್ತಾರೆ. ಇದು ಫಲಾವಳಿ. ಮೊಗೆಕಾಯಿ, ಅಮಟೆ, ಕಂಚಿ, ಅಡಿಕೆ ಗೊನೆ ಹೀಗೆ. ಎಷ್ಟು ಬಗೆ ಕಟ್ಟಿದ್ದಾರೆ ಎಂದು ಬಂದವರು ಮೊದಲು ಮೇಲೆ ನೋಡಿ, ಆಮೇಲೆ ದೇವರಿಗೆ ಕೈ ಮುಗಿಯುತ್ತಾರೆ. ಅದರಲ್ಲಿ ಗೌರಿ ಹೂ ಇಲ್ಲದಿದ್ದರೆ ತಲೆಗೆ ಮುಂಡಾಸಿಲ್ಲದ ಮದುಮಗನ ಹಾಗೆ. ಆದರೆ ಹೆದ್ದಾರಿಯನ್ನು ಚತುಷ್ಪಥ ಮಾಡುವಾಗ ರಸ್ತೆಬದಿಯ ಬೇಲಿ, ಮಟ್ಟಿಗಳೆಲ್ಲ ನೆಲಸಮವಾಗಿ, ಆ ವರ್ಷ ಗೌರಿ ಹೂವಿಗೆ ಬರ ಬಂದಿತ್ತು. ನನ್ನ ಮನೆ ಮಾವಿನಕುರ್ವೆಯಲ್ಲಿ. ನದಿ ನಡುವಿನ ಮರಳುನೆಲ, ಅಲ್ಲಿ ಆ ಹೂ ಮೊದಲೂ ಇರಲಿಲ್ಲ, ಆಚೆಯಿಂದಲೇ ತರಬೇಕು.

ಗೌರಿ ಹಬ್ಬದ ಹಿಂದಿನ ದಿನ ನನ್ನ ಹೆಂಡತಿ ಗಿರಿಜಾ ಮಂಟಪದ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು.

‘ನಡುವೆ ಖಾಲಿ ಕಾಣ್ತದೆ’ ಎಂದಳು.

‘ಇನ್ನೊಂದು ಹಾಗಲಕಾಯಿ ಕಟ್ವಾ.’

‘ಹಾಗಲಕಾಯಿ ಮೂರು ಆದ್ವು. ಇದು ಫಲಾವಳಿಯಾ, ಸಂತೆಯಾ? ಊರವ್ರಿಗೆ ಗೌರಿ ಹೂ ಇಲ್ಲ, ಅದು ಖರೆ. ನಿಮ್ಗೆ ಎಂತ ಆಗ್ಯದೆ? ದಿನಾ ಅದ್ರ ಬುಡದಲ್ಲೇ ಕೂತಿರ್ತ್ರಿ.’

‘ಅದು ಮೇಡಮ್ಮಂದು. ಪ್ರಯೋಗಕ್ಕೆ ಅದೆ.’

‘ಎಲ್ಲಾನೂ ಪ್ರಯೋಗಕ್ಕೆ ಬೇಕನಾ?’

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತಿತು. ಮರುದಿನ ರಜೆ. ತೋಟ ನೋಡಲೆಂದು ಹೋದವನು ಬಳ್ಳಿಗಳ ಮುಂದೆ ನಿಂತು ಲೆಕ್ಕ ಹಾಕಿದೆ. ಕೆಂಪಿನವು ಬೇಕು, ಕಾಯಿ ಎಷ್ಟಾಯಿತು ಎಂದು ನೋಡುತ್ತಾರೆ. ನೀಲಿಯವು ಖಂಡಿತ ಬೇಕು, ಅವಕ್ಕೆ ಕುಂಚ ಹಿಡಿದು ದುಡಿದಿದ್ದಾರೆ. ಬಿಳಿಯವಕ್ಕೆ ಮಾತ್ರ ಯಾರೂ ಏನೂ ಮಾಡಿಲ್ಲ, ಮಾಡುವುದೂ ಇಲ್ಲ. ಚೀಲ ಕಟ್ಟಿಸಿಕೊಂಡು ಸುಮ್ಮನೆ ಕೂತಿವೆ. ಕೆಲಸವಿಲ್ಲದೆ ಕೂತವರನ್ನು ಕೆಲಸವಿದ್ದ ಕಡೆ ಕಳಿಸುವುದರಲ್ಲಿ ತಪ್ಪೇನು ಅನ್ನಿಸಿತು. ಮೂವತ್ತು ವರ್ಷ ಸಸ್ಯಶಾಸ್ತ್ರ ವಿಭಾಗದಲ್ಲಿ ಇದ್ದವನಿಗೆ ಹಾಗೆ ಅನ್ನಿಸಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಅಂದು ಒಂಚೂರೂ ಆಗಲಿಲ್ಲ.

ಐದಾರು ಬಿಳಿ ದಾರದ ಹೂ ಕೊಯ್ದೆ. ಚೀಲದೊಳಗೆ ಗಾಳಿ ಮಳೆ ತಾಗದೆ ಇದ್ದದ್ದರಿಂದ ಅವು ಮದುಮಗಳ ಹಾಗಿದ್ದವು. ಖಾಲಿ ಚೀಲ ಜೋತುಬಿದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂದು, ಅದೇ ಬಳ್ಳಿಗಳಲ್ಲಿ ಕೆಲವು ದಿನ ಮೊದಲೇ ಅರಳಿ ಕೆಂಪಾಗಿದ್ದ, ಬುಡ ತುಸು ದಪ್ಪಗಾಗಿ ಗಟ್ಟಿಯಾಗಿ ನಿಂತಿದ್ದ, ಯಾವ ಗುಂಪಿಗೂ ಸೇರದ ಹಳೆಯ ಹೂಗಳಿಗೆ ಅದೇ ಚೀಲ, ಅದೇ ಬಿಳಿ ದಾರ ಕಟ್ಟಿದೆ. ಹೂವಿಗೆ ಹೂವು ಸರಿಯಾಯಿತು ಎಂದುಕೊಂಡೆ.

ಅಷ್ಟಕ್ಕೇ ನಿಂತಿದ್ದರೆ ಬಚಾವಾಗುತ್ತಿದ್ದೆನೇನೋ. ಸಂಜೆ ಪಕ್ಕದ ಮನೆಯಾಕೆ ಅರಿಸಿನ ಕುಂಕುಮಕ್ಕೆ ಬಂದು ಮೇಲೆ ನೋಡಿದರು. ಹೋಗುವಾಗ, ‘ನಮ್ಗೂ ಎರಡು ಸಿಕ್ಕೂದಾ?’ ಎಂದರು. ಗಿರಿಜಾ ಮಂಟಪದ ಫೋಟೋ ತೆಗೆದು ತವರಿಗೆ ಕಳಿಸಿದಳು. ತದಡಿಯಲ್ಲಿರುವ ಅವಳ ಅಣ್ಣ ದೇವಿದಾಸನ ಫಲಾವಳಿಗೆ ದೊಡ್ಡ ಹೆಸರು. ಕೂಡಲೇ ಅವನ ಫೋನು ಬಂತು.

‘ಬಾವ, ಹೂ ಎಲ್ ಸಿಕ್ತು?’

‘ಸಿಕ್ತು.’

‘ನಂಗೆ ಬೇಡ್ವನಾ?’

‘ನಿಂಗೆ ತದಡಿಲಿ ಬೇಕಾದಷ್ಟು ಮೀನು ಸಿಕ್ತದಲ್ಲ.’

‘ಮೀನು ತಂದು ಗಣಪತಿ ತಲೆ ಮೇಲೆ ಕಟ್ಟೂದಾ ಮಾರಾಯ? ಮೂವತ್ತು ವರ್ಷದಲ್ಲಿ ನಿನ್ನತ್ರ ಎಂತಾರೂ ಕೇಳಿದ್ನಾ ನಾನು? ತಂಗಿ ಕೊಟ್ಟದ್ದು ಬಿಟ್ರೆ ಬೇರೆ ಎಂತ ವ್ಯವಹಾರನೂ ಇಲ್ಲ ನಮ್ದು.’

ಚೌತಿಯ ಬೆಳಿಗ್ಗೆ ಮತ್ತೆ ತೋಟಕ್ಕೆ ಹೋದೆ. ಬಾವನಿಗೆ ಕೊಟ್ಟು ಬಾವನ ಪಕ್ಕದ ಮನೆಗೆ ಕೊಡದೆ ಇರಲಾಗಲಿಲ್ಲ. ಒಟ್ಟಿನಲ್ಲಿ ಆ ಎರಡು ದಿನ ನಮ್ಮ ಕುರ್ವೆಯಲ್ಲಿ ನನಗಿದ್ದ ಮರ್ಯಾದೆ ಅದಕ್ಕಿಂತ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಬಿಳಿ ದಾರದ ಮೂವತ್ತು ಹೂಗಳಲ್ಲಿ ನಿಜವಾದವು ಬೆರಳೆಣಿಕೆಯಷ್ಟೇ ಉಳಿದವು. ಯಾವುವು ಎಂದು ನನಗೇ ನೆನಪಿರಲಿಲ್ಲ.

ರಜೆ ಮುಗಿಸಿ ಬಂದ ವಿನುತಾ, ಹೂ ಬಾಡುವಷ್ಟು ದಿನ ಕಾದು ಚೀಲ ಬಿಚ್ಚತೊಡಗಿದರು. ನಾನು ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಮೊದಲ ಬಿಳಿ ಚೀಲದಲ್ಲಿ ದಳಗಳು ಒಣಗಿ, ನಡುವೆ ಹಸಿರು ಕಾಯಿ ಗುಂಡಗೆ ಉಬ್ಬಿತ್ತು. ಎರಡನೆಯದರಲ್ಲೂ ಹಾಗೇ. ನಾಲ್ಕನೆಯದು ಬಿಚ್ಚುವ ಹೊತ್ತಿಗೆ ಅವರು ಕೊಡೆ ಬಿಟ್ಟು ಮಳೆಗೇ ಸರಿದಿದ್ದರು. ಹಳೆಯ ಹೂಗಳಿಗೆ ನಾನು ಚೀಲ ಕಟ್ಟುವ ಮೊದಲೇ ಚಿಟ್ಟೆಗಳು ತಮ್ಮ ಕೆಲಸ ಮುಗಿಸಿ ಹೋಗಿದ್ದವು ಎಂಬುದು ಆಗ ನನಗೆ ಹೊಳೆಯಿತು.

ವಿನುತಾ ಅವರ ಮಾರ್ಗದರ್ಶಕರು ಸದಾನಂದ ಸರ್, ನಮ್ಮ ವಿಭಾಗದ ಮುಖ್ಯಸ್ಥರು. ಒಳ್ಳೆಯ ಮನುಷ್ಯ. ಅವರಿಗಿದ್ದ ಕೊರಗು ಒಂದೇ. ಅವರ ಹೆಸರು ಅಘನಾಶಿನಿ ಹೊಳೆ ದಾಟಿ ಆಚೆ ಹೋಗಿರಲಿಲ್ಲ. ಸುದ್ದಿ ಕೇಳಿ ಮಳೆಯಲ್ಲೇ ಓಡಿಬಂದರು. ಕಾಯಿಗಳನ್ನು ಒಂದೊಂದಾಗಿ ನೋಡಿ, ನನ್ನ ಕಡೆ ತಿರುಗಿದರು.

‘ಮಂಜು, ಇದನ್ನ ಯಾರಾದ್ರೂ ಮುಟ್ಟಿದ್ರಾ?’

‘ಇಲ್ಲ ಸರ್’ ಎಂದೆ. ನಾನು ಕೊಯ್ದಿದ್ದ ಹೂಗಳು ಆ ಹೊತ್ತಿಗೆ ಗಣಪತಿಯ ಸಂಗಡ ಶರಾವತಿಯ ನೀರು ಸೇರಿದ್ದವು.

‘ಅಪೊಮಿಕ್ಸಿಸ್’ ಎಂದರು ಸರ್, ಮೆಲ್ಲಗೆ, ದೇವರ ಹೆಸರು ಹೇಳಿದ ಹಾಗೆ. ಪರಾಗವಿಲ್ಲದೆ, ತಾಯಿಗಿಡ ತಾನೇ ಬೀಜ ಕಟ್ಟುವುದಕ್ಕೆ ಆ ಹೆಸರು. ಕೆಲವು ಹುಲ್ಲುಗಳಲ್ಲಿ, ಬೇರೆ ಗಿಡಗಳಲ್ಲಿ ಇದೆಯಂತೆ. ಗೌರಿ ಹೂವಿನಲ್ಲಿ ಇದೆ ಎಂದು ಅವರು ಎಲ್ಲೂ ಓದಿರಲಿಲ್ಲ. ಇದ್ದರೆ ಬೀಜದ ಬೆಳೆಗಾರರಿಗೆ ಹಬ್ಬ. ಅಂದು ಸರ್ ವಿಭಾಗಕ್ಕೆಲ್ಲ ಬಿಸಿ ಗೋಳಿಬಜೆ ತರಿಸಿದರು. ಹೇಳಿಬಿಡಬೇಕೆಂದು ಬಾಯಿ ತೆರೆದೆ, ಯಾರೋ ತಟ್ಟೆ ಮುಂದೆ ಹಿಡಿದರು, ತಿಂದೆ. ಎರಡನೆಯದನ್ನೂ ತಿಂದೆ. ನಿವೃತ್ತಿಗೆ ಹತ್ತಿರ ಬಂದವನನ್ನು ಅಮಾನತು ಮಾಡಿದರೆ ಪಿಂಚಣಿಯ ಗತಿಯೇನು ಎಂಬ ಭಯ ಒಂದು ಕಡೆ. ಇಷ್ಟು ಜನರ ಸಂತೋಷಕ್ಕೆ ನೀರು ಹಾಕುವುದು ಹೇಗೆ ಎಂಬ ಸಂಕೋಚ ಇನ್ನೊಂದು ಕಡೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಅವರು ಇನ್ನೂ ಹೆಚ್ಚು ಸಂತೋಷದಲ್ಲಿದ್ದರು.

ಸರ್ ಒಂದು ಕೋಟು ಹೊಲಿಸಲು ಹಾಕಿದರು. ಹೊಸ ತಳಿಗೆ ಊರಿನ ಹೆಸರಿಡುವುದೋ, ಕಂಡುಹಿಡಿದವರ ಹೆಸರಿಡುವುದೋ ಎಂದು ಸ್ಟಾಫ್ ರೂಮಿನಲ್ಲಿ ಅಭಿಪ್ರಾಯ ಕೇಳಿದರು. ಪ್ರಾಣಿಶಾಸ್ತ್ರದ ಸಹಾಯಕ ಗಣಪು ನನ್ನನ್ನು ಕಂಡಾಗಲೆಲ್ಲ, ‘ಎಂತದಾ ಮಂಜು, ನಿಮ್ಮ ತೋಟದಲ್ಲಿ ಕುಂತಿ ಹುಟ್ಟಿದಾಳಂತೆ’ ಎನ್ನುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಆ ಕಥೆಯಲ್ಲಿ ಸೂರ್ಯನ ಪಾತ್ರ ಮಾಡಿದವನು ನಾನೇ.

ಸಂತೋಷಪಡದೆ ಇದ್ದವರು ವಿನುತಾ ಒಬ್ಬರೇ. ಅವರ ಕಷ್ಟ ನನಗೆ ಅರ್ಥವಾಗಲು ಕೆಲವು ದಿನ ಬೇಕಾಯಿತು. ಪರಾಗವಿಲ್ಲದೆ ಬೀಜ ಕಟ್ಟುವ ಗಿಡಗಳಲ್ಲಿ ಸಾಮಾನ್ಯವಾಗಿ ವರ್ಣತಂತುಗಳ ವ್ಯವಹಾರ ಕೆಟ್ಟಿರುತ್ತದಂತೆ. ಜೋಡಿ ಕೂಡುವುದಿಲ್ಲ, ಕೆಲವು ಒಂಟಿ ಉಳಿಯುತ್ತವೆ, ಕೆಲವು ಹಿಂದೆ ಬೀಳುತ್ತವೆ. ಸಂಸಾರ ಕೆಟ್ಟವರು ಬೇರೆ ದಾರಿ ಹಿಡಿದ ಹಾಗೆ. ಆದರೆ ಅವರ ಸ್ಲೈಡುಗಳಲ್ಲಿ ಹನ್ನೊಂದು ಜೋಡಿಯೂ ಅಚ್ಚುಕಟ್ಟಾಗಿ ಕೂತಿದ್ದವು. ಪರಾಗವೂ ತುಂಬಿಕೊಂಡು ಕೆಂಪು ಬಣ್ಣ ಹೀರಿತ್ತು. ಇಷ್ಟು ಸರಿಯಾಗಿ ಸಂಸಾರ ಮಾಡುವ ಗಿಡಕ್ಕೆ ಆ ಇನ್ನೊಂದು ದಾರಿ ಯಾಕೆ ಬೇಕು?

ಒಂದು ದಿನ ಸರ್ ವಿನುತಾ ಅವರಿಗೆ ಹೇಳುವುದು ನನ್ನ ಕಿವಿಗೆ ಬಿತ್ತು. ‘ನಿನ್ನ ಸ್ಲೈಡಿನಲ್ಲೇ ಏನೋ ತಪ್ಪಿದೆ ವಿನುತಾ. ಮನುಷ್ಯನ ಕಣ್ಣು ತಪ್ಪಬಹುದು. ಗಿಡ ಸುಳ್ಳು ಹೇಳೂದಿಲ್ಲ.’

ಗಿಡ ಹೇಳಿರಲಿಲ್ಲ, ನಿಜ.

ಅಂದಿನಿಂದ ವಿನುತಾ ಸೂಕ್ಷ್ಮದರ್ಶಕದ ಮುಂದೆ ಕೂತವರು ಏಳುತ್ತಿರಲಿಲ್ಲ. ಹೂವಿನ ಕಾಲ ಮುಗಿದು ಬಳ್ಳಿಗಳು ಒಣಗಿದ್ದವು. ಹೊಸ ಮೊಗ್ಗು ಸಿಗುವಂತಿರಲಿಲ್ಲ, ಇದ್ದ ಸ್ಲೈಡುಗಳನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದರು. ಬರಬರುತ್ತ ಇಲ್ಲದ್ದು ಕಾಣತೊಡಗಿತು.

‘ಮಂಜಣ್ಣ, ನೋಡಿ. ಈ ಮೂಲೆಯದು ಒಂಟಿ ಇದ್ದಾಂಗೆ ಕಾಣ್ತದಾ?’

ಕಣ್ಣಿಟ್ಟು ನೋಡಿದೆ. ‘ಇಲ್ಲ ಮೇಡಂ. ಜೋಡಿಯೇ ಅದೆ.’

‘ನಂಗ್ಯಾಕೋ ಒಂಟಿ ಕಾಣ್ತದೆ’ ಎಂದು ಕಣ್ಣುಜ್ಜಿಕೊಂಡರು. ಧಾರವಾಡದಿಂದ ಪರಿಣತರೊಬ್ಬರು ಬಂದು ನೋಡುವ ದಿನ ಗೊತ್ತಾಗಿತ್ತು. ಅವರ ಮುಂದೆ, ಹಳೆಯ ಸ್ಲೈಡುಗಳು ನಂಬಲರ್ಹವಲ್ಲ ಎಂದು ಹೇಳಿ ಚೀಲಗಳ ಫಲಿತಾಂಶವನ್ನೇ ಮುಂದಿಡುವುದು ಸರ್ ಅವರ ಯೋಚನೆ. ಮಾರ್ಚ್ ಒಳಗೆ ಪ್ರಬಂಧ ಮುಗಿಯಲು ಬೇರೆ ದಾರಿಯೂ ಇರಲಿಲ್ಲ.

ಆ ಪರಿಣತರು ಬರುವ ಹಿಂದಿನ ದಿನ ಮಧ್ಯಾಹ್ನ ನಾನು ನಲ್ಲಿಯ ಹತ್ತಿರ ಬೀಕರುಗಳನ್ನು ತೊಳೆಯುತ್ತಿದ್ದೆ. ವಿನುತಾ ಆ ಟ್ರೇ ತಂದು ಕಟ್ಟೆಯ ಮೇಲಿಟ್ಟರು.

‘ಇವನ್ನೂ ತೊಳೆದುಬಿಡಿ ಮಂಜಣ್ಣ. ಗಾಜಾದ್ರೂ ಜೂನಿಯರ್ ಮಕ್ಕಳಿಗೆ ಆಗ್ಲಿ.’

‘ಅಂಟು ಹಾಕಿ ಇಟ್ಟವು ಅಲ್ದಾ?’

‘ಬಿಸಿನೀರಲ್ಲಿ ನೆನೆಸಿ ಕೆರೆದ್ರೆ ಹೋಗ್ತದೆ. ಮೂರು ವರ್ಷ ಸರಿಯಾಗಿ ಎಣಿಸೂಕೆ ಬರದೆ ಇದ್ದವಳು ನಾನು.’

ಅಳುತ್ತಿರಲಿಲ್ಲ. ಅತ್ತಿದ್ದರೆ ಸುಲಭವಾಗುತ್ತಿತ್ತು. ಮಾರುಕಟ್ಟೆಯಲ್ಲಿ ಕೊಳೆತ ತರಕಾರಿ ಬದಿಗಿಡುವವರ ಹಾಗೆ ಟ್ರೇ ಇಟ್ಟು ತಿರುಗಿದರು. ನನ್ನ ಒಂದು ಕೈಯಲ್ಲಿ ಸೋಪಿನ ಬ್ರಷ್ಷು, ಇನ್ನೊಂದು ಕೈಯಲ್ಲಿ ಅವರು ಅಂದು ಕರೆದು ತೋರಿಸಿದ್ದ ಸ್ಲೈಡು. ಬಾಗಿಲು ದಾಟುವ ಮೊದಲು ಕರೆದೆ.

‘ಮೇಡಂ, ಇವು ಸರಿ ಅವೆ. ಸುಳ್ಳು ಇರೂದು ಚೀಲದಲ್ಲಿ.’

ಹೇಳಿದೆ. ಗಿರಿಜಾ, ಪಕ್ಕದ ಮನೆ, ತದಡಿಯ ಬಾವ, ಬಾವನ ಪಕ್ಕದ ಮನೆ, ಎಲ್ಲ ಹೇಳಿದೆ. ನಲ್ಲಿ ನಿಲ್ಲಿಸಲು ಮರೆತಿದ್ದೆ. ಅವರೇ ಬಂದು ನಿಲ್ಲಿಸಿದರು.

‘ಎಷ್ಟು ಹೂ?’

‘ಇಪ್ಪತ್ತರ ಮೇಲೆ.’

‘ಯಾವ್ಯಾವುದು?’

‘ಗೊತ್ತಿಲ್ಲ.’

ಆಮೇಲೆ ಅವರು ಹೇಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ‘ನಮ್ಮನೆ ಫಲಾವಳಿಗೂ ಈ ವರ್ಷ ಗೌರಿ ಹೂ ಇರ್ಲಿಲ್ಲ ಮಂಜಣ್ಣ. ಅಮ್ಮ ಒಂದಾದ್ರೂ ತಾ ಅಂದಿತ್ತು. ಅದ್ರಲ್ಲಿ ಒಂದೂ ತೆಗೀಲಿಕ್ಕೆ ಬರೂದಿಲ್ಲ ಅಂತ ನಾನು ಬರಿಗೈಲಿ ಹೋದೆ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಟ್ರೇಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ‘ಬನ್ನಿ, ಸರ್ ಹತ್ರ ಹೋಗ್ವಾ’ ಎಂದರು.

ಸರ್ ಕೋಣೆಯಲ್ಲಿ ಹೊಸ ಕೋಟಿನ ಅಳತೆ ನೋಡುತ್ತಿದ್ದರು. ಒಂದು ತೋಳು ಹಾಕಿ ಆಗಿತ್ತು. ನಾನು ಹೇಳಿ ಮುಗಿಸುವವರೆಗೂ ಇನ್ನೊಂದು ತೋಳು ಹಾಗೇ ನೇತಾಡುತ್ತಿತ್ತು. ಕೊನೆಗೆ ಕುರ್ಚಿಯಲ್ಲಿ ಕೂತರು.

‘ಕಂಟ್ರೋಲ್ ಅಂದ್ರೆ ಎಂತ ಗೊತ್ತದಾ ಮಂಜು?’

‘ಇಲ್ಲ ಸರ್.’

‘ಮೂವತ್ತು ವರ್ಷದಲ್ಲಿ ನಾನು ಹೇಳ್ಲೇ ಇಲ್ವಾ?’

‘ಹುಡುಗರಿಗೆ ಹೇಳಿದ್ರಿ. ಆಗ ನಾನು ಬೀಕರು ತೊಳೀತಿದ್ದೆ.’

ಅವರಲ್ಲಿ ಮೇಷ್ಟ್ರು ಎಚ್ಚೆತ್ತರು. ಕೋಟಿನ ಒಂದೇ ತೋಳಿನಲ್ಲಿ ಪಾಠ ಶುರು ಮಾಡಿದರು. ‘ನೀ ಒಂದು ತೆಂಗಿಗೆ ಗೊಬ್ಬರ ಹಾಕ್ತೆ. ಕಾಯಿ ಜಾಸ್ತಿ ಬಂತು. ಗೊಬ್ಬರದಿಂದಲೇ ಬಂತು ಅಂತ ಹೇಗೆ ಹೇಳ್ತೆ? ಪಕ್ಕದ ತೆಂಗಿಗೆ ಹಾಕದೆ ಬಿಟ್ಟು ನೋಡ್ಬೇಕು. ಆ ಬಿಟ್ಟ ತೆಂಗೇ ಕಂಟ್ರೋಲ್.’

‘ಪಾಪ, ಅದಕ್ಕೂ ಒಂದು ಬುಟ್ಟಿ ಹಾಕಿದ್ರೆ ಎಂತ ಆತದೆ ಸರ್?’

ಸರ್ ಹಣೆ ಹಿಡಿದುಕೊಂಡರು. ವಿನುತಾ ಮುಖ ತಿರುಗಿಸಿದರು. ನಕ್ಕರೋ ಅತ್ತರೋ ನನಗೆ ಕಾಣಲಿಲ್ಲ. ಧಾರವಾಡಕ್ಕೆ ಫೋನು ಮಾಡಿ, ಬರುವುದು ಬೇಡ ಎಂದು ಹೇಳುವಾಗ ಸರ್ ಅವರ ಸ್ವರ ತೀರಾ ಸಣ್ಣದಾಗಿತ್ತು. ನನ್ನ ಮೇಲೆ ಅವರು ದೂರು ಕೊಡಲಿಲ್ಲ. ಕೆಲವು ದಿನದ ಮೇಲೆ ನಾನೇ ಧೈರ್ಯ ಮಾಡಿ ಕೇಳಿದ್ದಕ್ಕೆ, ‘ಕೊಟ್ರೆ ಕಾರಣ ಬರೀಬೇಕಲ್ಲ ಮಾರಾಯ. ಫಲಾವಳಿಗೆ ಅಂತ ಬರೆದ್ರೆ ನನ್ನನ್ನೇ ಕೇಳ್ತಾರೆ’ ಎಂದರು. ಆ ಕೋಟನ್ನು ಆಮೇಲೆ ಅವರ ಮಗಳ ನಿಶ್ಚಿತಾರ್ಥದಲ್ಲಿ ನೋಡಿದೆ.

ಬಿಳಿ ದಾರದ ಗುಂಪನ್ನು ಪೂರ್ತಿ ಕೈಬಿಡಬೇಕಾಯಿತು. ಅದಿಲ್ಲದೆ ಉಳಿದ ಎರಡಕ್ಕೆ ಅರ್ಥವಿಲ್ಲ. ಅಂದರೆ ಪ್ರಯೋಗವನ್ನು ಮತ್ತೆ ಮಾಡಬೇಕು, ಅದಕ್ಕೆ ಬಳ್ಳಿ ಮತ್ತೆ ಚಿಗುರಬೇಕು, ಚಿಗುರಲು ಮುಂದಿನ ಮಳೆಗಾಲ ಬರಬೇಕು. ಮಾರ್ಚ್ ದಾಟಿತು. ಕುಮಟಾದ ಹುದ್ದೆ ಬೇರೆಯವರಿಗೆ ಹೋಯಿತು. ಫೆಲೋಶಿಪ್ ಅವಧಿಯೂ ಮುಗಿದು, ವಿನುತಾ ಒಂದು ಪಿಯು ಕಾಲೇಜಿನಲ್ಲಿ ಗಂಟೆ ಲೆಕ್ಕದ ಪಾಠ ಹಿಡಿದರು. ಮುಂದಿನ ಮಳೆಗಾಲದಲ್ಲಿ ಬಿಡುವಾದಾಗಲೆಲ್ಲ ಬಂದು ಚೀಲ ಕಟ್ಟಿದರು.

ಆ ವರ್ಷದ ಚೌತಿಗೆ ಗಿರಿಜಾ ಮಂಟಪದ ಕೆಳಗೆ ನಿಂತು ಮೇಲೆ ನೋಡಿದಳು, ನನ್ನ ಮುಖ ನೋಡಿದಳು, ನಾಲ್ಕನೆಯ ಹಾಗಲಕಾಯಿ ಕಟ್ಟಿದಳು. ದೇವಿದಾಸನ ಫೋನು ಬಂದಾಗ ನಾನು ಎತ್ತಲಿಲ್ಲ. ಹಬ್ಬದ ದಿನವೂ ತೋಟಕ್ಕೆ ಹೋಗಿ ಬಿಳಿ ದಾರದ ಹೂಗಳ ಮುಂದೆ ಸ್ಟೂಲು ಹಾಕಿ ಕೂತೆ. ಅವಕ್ಕೆ ನಾನು ಮಾಡಬೇಕಾದ್ದು ಏನೂ ಇರಲಿಲ್ಲ. ಅದನ್ನೇ ಇಡೀ ದಿನ ಮಾಡಿದೆ. ಚೀಲದ ಮೇಲೆ ಚಿಟ್ಟೆ ಕೂತರೂ ಅದು ಹಾರಿಹೋಗುವವರೆಗೆ ಕಣ್ಣು ಕೀಳುತ್ತಿರಲಿಲ್ಲ. ಸಾಲದ್ದಕ್ಕೆ ಧಾರೇಶ್ವರದ ದೇವರಿಗೆ ಒಂದು ಕಾಯಿಯ ಹರಕೆಯನ್ನೂ ಹೊತ್ತೆ.

ಚೀಲ ಬಿಚ್ಚುವ ದಿನ ಬಂತು. ಒಣಗಿದ ಹೂವು, ಕೆಳಗೆ ಕಡ್ಡಿಯಂತೆ ಸೊರಗಿದ ತೊಟ್ಟು. ಎರಡನೆಯದೂ ಹಾಗೆ. ಕೊನೆಯದನ್ನು ಬಿಚ್ಚಿ ವಿನುತಾ ನನ್ನ ಕಡೆ ನೋಡಿದರು. ‘ಒಂದೂ ಇಲ್ಲ ಮಂಜಣ್ಣ’ ಎಂದರು. ಅಷ್ಟು ಬರಡು ಹೂಗಳನ್ನು ನೋಡಿ ಅಷ್ಟು ಖುಷಿಪಟ್ಟವರು ಬೇರೆ ಯಾರೂ ಇರಲಿಕ್ಕಿಲ್ಲ. ಕೈಯಾರೆ ಪರಾಗ ಹಚ್ಚಿದ ನೀಲಿ ದಾರದವು ಹೆಚ್ಚಿನವು ಕಾಯಿ ಹಿಡಿದಿದ್ದವು. ಕೆಂಪಿನವು ಅಲ್ಲೊಂದು ಇಲ್ಲೊಂದು. ಹನ್ನೊಂದು ಜೋಡಿಗಳಲ್ಲಿ ತಪ್ಪಿರಲಿಲ್ಲ, ಪರಾಗದಲ್ಲಿ ತಪ್ಪಿರಲಿಲ್ಲ. ಹೂವಿನ ಮನೆಗೆ ಬರುವ ನೆಂಟರೇ ಕಡಿಮೆಯಾಗಿದ್ದರು. ವಿನುತಾ ಅವರ ಮೊದಲ ಅಂದಾಜೇ ಸರಿಯಾಗಿತ್ತು.

ಮುಂದಿನ ಸೋಮವಾರ ಧಾರೇಶ್ವರಕ್ಕೆ ಹೋದೆ. ಕಾಯಿ ಒಡೆಯುವ ಮೊದಲು ಭಟ್ಟರು ಕೇಳಿದರು: ‘ಎಂತ ಹರಕೆ?’

‘ಫಲ ಆಗ್ಬಾರ್ದು ಹೇಳಿ ಹೊತ್ತದ್ದು.’

ಭಟ್ಟರು ಕಾಯಿ ಹಿಡಿದ ಕೈ ಇಳಿಸಿದರು. ‘ಆತಾ?’

‘ಆಗ್ಲಿಲ್ಲ. ದೇವ್ರು ನಡೆಸಿಕೊಟ್ಟ.’

ಅವರು ಮತ್ತೇನೂ ಕೇಳದೆ ಕಾಯಿ ಒಡೆದು, ಎರಡು ಕಡಿಯನ್ನೂ ನನಗೇ ಕೊಟ್ಟು ಕಳಿಸಿದರು.

ಈ ಕಥೆ ಹೇಳಿದಾಗಲೆಲ್ಲ ಕೇಳಿದವರು ನಗುತ್ತಾರೆ. ಸರ್ ನಗುತ್ತಾರೆ, ವಿನುತಾ ಕೂಡ ನಗುತ್ತಾರೆ. ನಗು ಬರಿಸುವ ತಪ್ಪಿಗೆ ಕ್ಷಮೆ ಬಹಳ ಬೇಗ ಸಿಗುತ್ತದೆ, ಲೆಕ್ಕ ಕೇಳುವವರು ಇರುವುದಿಲ್ಲ. ಅದಕ್ಕೇ ನಾನೇ ಲೆಕ್ಕ ಒಪ್ಪಿಸುತ್ತಿದ್ದೇನೆ. ವಿನುತಾ ಒಂದು ವರ್ಷ ತಡವಾಗಿ ಡಾಕ್ಟರೇಟ್ ಪಡೆದರು. ಕೆಲಸವೂ ಸಿಕ್ಕಿತು, ಯಾದಗಿರಿಯ ಕಡೆ. ಅವರ ತಂದೆ ಕಣ್ಣಿನ ಪೊರೆಗೆ ಆಪರೇಷನ್ ಮಾಡಿಸಿಕೊಂಡಾಗ ರಜೆ ಸಿಗದೆ ಮೂರನೆಯ ದಿನ ಬಂದು ಮುಟ್ಟಿದರಂತೆ. ಕುಮಟಾದಲ್ಲಿ ಇದ್ದಿದ್ದರೆ ಪಾಠ ಮುಗಿಸಿ ಸಂಜೆಯ ರೈಲಿಗೆ ಬರುತ್ತಿದ್ದರು. ಇದನ್ನು ಅವರು ನನಗೆ ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು.

ಕೆಲಸ ನನಗೆ ಕಲಿಸಿದ್ದು ಇಷ್ಟೇ. ಒಂದು ವಸ್ತು ಸುಮ್ಮನೆ ಕೂತಂತೆ ಕಂಡರೆ, ಅದನ್ನು ಯಾರು, ಯಾತಕ್ಕೆ ಹಾಗೆ ಕೂರಿಸಿದ್ದಾರೆ ಎಂದು ಕೇಳಬೇಕು. ಕೇಳಲು ನನಗೆ ಒಂದು ನಿಮಿಷ ಸಾಕಿತ್ತು. ಕೇಳದೆ ಇದ್ದದ್ದಕ್ಕೆ ಇನ್ನೊಬ್ಬರ ವರ್ಷವೊಂದನ್ನು ಕೊಯ್ದು ಊರಿಗೆಲ್ಲ ಹಂಚಿದೆ.